ಬಾವಿಯ ಸುದ್ದಿಯೇ ಇಲ್ಲವಲ್ಲ

ದೊಡ್ಡಮ್ಮನಿಗೆ ಎಂಬತ್ತು ತುಂಬಿದ ವರ್ಷ ಆಕೆಯ ಮನೆಯ ವಿಷಯ ಅಚ್ಚಾಯಿತು. ಊರಿನ ಸಂಸ್ಥೆಯೊಂದು ತನ್ನ ಉತ್ಸವದ ನೆನಪಿಗೆ ತಂದಿದ್ದ ಸ್ಮರಣ ಸಂಚಿಕೆಯಲ್ಲಿ ಹಳೆಯ ಮನೆಗಳ ಬಗ್ಗೆ ಒಂದು ಲೇಖನವಿತ್ತು. ಅದರಲ್ಲಿ ಅರ್ಧ ಪುಟ ನಮ್ಮ ದೊಡ್ಡಮ್ಮನ ಮನೆಗೆ ಮೀಸಲಾಗಿತ್ತು. ನಾನು ಮೂಡುಬಿದಿರೆಗೆ ಹೋದಾಗ ಆ ಸಂಚಿಕೆಯನ್ನು ಚಾವಡಿಯಲ್ಲಿ ಕುಳಿತು ಆಕೆಗೆ ಓದಿ ಹೇಳಿದೆ. ಮನೆ ಕಟ್ಟಿಸಿದವರು ಯಾರು, ಅವರ ಮಗ ಯಾರು, ಮೊಮ್ಮಗ ಯಾರು. ಹಲಸಿನ ಮರದ ಕಂಬಗಳು ಎಷ್ಟು, ಹೆಬ್ಬಾಗಿಲಿನ ದಾರಂದದ ಮೇಲೆ ಎಂಥ ಕೆತ್ತನೆ, ಮುಚ್ಚಿಗೆಗೆ ಯಾವ ಜಾತಿಯ ಮರ – ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದರು. ತಪ್ಪು ಒಂದೂ ಇರಲಿಲ್ಲ.

ದೊಡ್ಡಮ್ಮ ಪೂರ್ತಿ ಕೇಳಿದರು. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲ ಉಂಟು. ಬಾವಿಯ ಸುದ್ದಿಯೇ ಇಲ್ಲವಲ್ಲ ಮಾರಾಯ್ತಿ” ಎಂದರು.

ಆಗ ನಾನು ನಕ್ಕುಬಿಟ್ಟೆ. ಬಾವಿ ಎಲ್ಲರ ಮನೆಯಲ್ಲೂ ಇರುತ್ತದೆ, ಕೆತ್ತನೆಯ ಕಂಬ ಎಲ್ಲರ ಮನೆಯಲ್ಲೂ ಇರುತ್ತದೆಯೇ ಎಂದು ಕೇಳಿದೆ. ಆಕೆ ಉತ್ತರ ಕೊಡಲಿಲ್ಲ. ಆ ನಗುವಿಗೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ನಮ್ಮ ಸಣ್ಣ ಊರುಗಳ ಹಳೆಯ ಕಟ್ಟಡಗಳ ಬಗ್ಗೆ ನಾವು ಓದುತ್ತಿರುವ ಬರಹಗಳ ದೊಡ್ಡ ಕೊರತೆಯನ್ನು ಶಾಲೆಗೆ ನಾಲ್ಕು ವರ್ಷ ಮಾತ್ರ ಹೋದ ಆ ಹೆಂಗಸು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಅದು ವಿಮರ್ಶೆಯ ಮಾತೆಂದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು.

ಇಂಥ ಬರಹಗಳನ್ನು ನಾನು ಆಸೆಯಿಂದ ಓದುವವಳು. ಶತಮಾನೋತ್ಸವದ ಸಂಚಿಕೆ, ದೇವಸ್ಥಾನದ ಬ್ರಹ್ಮಕಲಶದ ಸಂಚಿಕೆ, ಶಾಲೆಯ ಸಂಚಿಕೆ – ಯಾವುದು ಸಿಕ್ಕಿದರೂ ಮೊದಲು ಊರಿನ ಇತಿಹಾಸದ ಪುಟವನ್ನೇ ತೆರೆಯುತ್ತೇನೆ. ಅವನ್ನು ಬರೆಯುವವರು ಸಂಬಳಕ್ಕೆ ಬರೆಯುವವರಲ್ಲ. ನಿವೃತ್ತ ಮೇಷ್ಟ್ರುಗಳು, ವಕೀಲರು, ಅಂಚೆ ಕಚೇರಿಯಲ್ಲಿದ್ದವರು. ಅವರು ಬಿಸಿಲಲ್ಲಿ ತಿರುಗಿ ಬರೆಯದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆದ್ದರಿಂದ ನಾನು ಹೇಳುವುದನ್ನು ಜರೆಯುವ ಮಾತೆಂದು ಯಾರೂ ತಿಳಿಯಬಾರದು. ಆದರೆ ಆ ಲೇಖನಗಳೆಲ್ಲ ಒಂದೇ ದಾರಿ ಹಿಡಿಯುತ್ತವೆ. ಹೆಬ್ಬಾಗಿಲಿನಿಂದ ಒಳಗೆ ಬಂದು, ಚಾವಡಿಯಲ್ಲಿ ಕುಳಿತು, ಕಂಬ ಎಣಿಸಿ, ಯಜಮಾನರ ಹೆಸರು ಕೇಳಿ, ಪಾನಕ ಕುಡಿದು, ಬಂದ ಬಾಗಿಲಿನಿಂದಲೇ ಹೊರಟುಹೋಗುತ್ತವೆ. ನಡುಮನೆಯ ಹೊಸ್ತಿಲು ದಾಟುವುದಿಲ್ಲ. ಅಡಿಗೆಮನೆ, ಬಾಣಂತಿ ಕೋಣೆ, ಬಚ್ಚಲು, ಭತ್ತ ಕುಟ್ಟುವ ಜಾಗ, ಹಿತ್ತಿಲು, ಬಾವಿಕಟ್ಟೆ – ಮನೆಯ ಮುಕ್ಕಾಲು ಪಾಲು ಇತಿಹಾಸದ ಹೊರಗೇ ಉಳಿಯುತ್ತದೆ. ಪಾನಕ ಮಾಡಿ ಕಳಿಸಿದವಳ ಹೆಸರೂ ಅದರ ಜೊತೆಗೆ.

ಮೂಡುಬಿದಿರೆಯಂಥ ಊರಿನಲ್ಲೇ ಹೀಗಾದರೆ ಬೇರೆ ಊರುಗಳ ಗತಿಯೇನು ಎಂದು ಯೋಚಿಸುತ್ತೇನೆ. ಏಕೆಂದರೆ ಕಟ್ಟಡಗಳ ವಿಷಯದಲ್ಲಿ ಅದು ಭಾಗ್ಯವಂತ ಊರು. ಹದಿನೆಂಟು ಬಸದಿಗಳ ಊರು ಎಂದೇ ಅದರ ಹೆಸರು. 1430ರ ಸಾವಿರ ಕಂಬದ ಬಸದಿಯನ್ನು ನೋಡಲು ದೂರ ದೂರದಿಂದ ಜನ ಬರುತ್ತಾರೆ. ಮಳೆನಾಡಿನ ಮನೆಯ ಹಾಗೆ ಇಳಿಜಾರು ಮಾಡು, ಒಳಗೆ ಒಂದರಂತೆ ಇನ್ನೊಂದಿಲ್ಲದ ಕಂಬಗಳು. ಮಕ್ಕಳನ್ನು ಕರೆದುಕೊಂಡು ಹೋದರೆ ಭೈರಾದೇವಿ ಮಂಟಪದ ತಳಪಾಯದಲ್ಲಿ ಜಿರಾಫೆಯನ್ನು ಹುಡುಕಲು ಹೇಳಿ. ಆಫ್ರಿಕದ ಆ ಪ್ರಾಣಿ, ಪಕ್ಕದಲ್ಲಿ ಚೀನೀಯರ ಡ್ರ್ಯಾಗನ್ – ನಮ್ಮ ಕರಾವಳಿಯ ವ್ಯಾಪಾರ ಎಲ್ಲೆಲ್ಲಿಗೆ ಹೋಗಿಬರುತ್ತಿತ್ತು ಎನ್ನುವುದಕ್ಕೆ ಕಲ್ಲಿನ ಸಾಕ್ಷಿ.

ಈ ಬಸದಿಯಲ್ಲಿ ಹೆಂಗಸರ ಹೆಸರಿಗೇನೂ ಬರವಿಲ್ಲ. ಮಂಟಪಕ್ಕೆ ಭೈರಾದೇವಿಯ ಹೆಸರು. ಎದುರಿನ ಎತ್ತರದ ಮಾನಸ್ತಂಭವನ್ನು ನಿಲ್ಲಿಸಿದವಳು ರಾಣಿ ನಾಗಲಾದೇವಿ. ಚೌಟರ ಅರಮನೆಗೆ ಹೋದರೆ ಅಲ್ಲಿ ಇನ್ನೊಂದು ಬೆರಗು: ಮರದ ಕಂಬದ ಮೇಲೆ ಒಂಬತ್ತು ಹೆಂಗಸರು ಮೈಗೆ ಮೈ ಹೆಣೆದು ಆನೆಯಾಗಿದ್ದಾರೆ – ಅದು ನವನಾರೀ ಕುಂಜರ. ಇನ್ನೊಂದರಲ್ಲಿ ಐವರು ಸೇರಿ ಕುದುರೆಯಾಗಿದ್ದಾರೆ – ಪಂಚನಾರೀ ತುರಗ. ಉಳ್ಳಾಲದ ಅಬ್ಬಕ್ಕ ಇದೇ ಚೌಟರ ವಂಶದವಳು. ಅವರದು ಅಳಿಯಸಂತಾನ, ಮನೆತನ ಸಾಗುವುದು ಹೆಣ್ಣಿನ ಕಡೆಯಿಂದ.

ನಾನು ಮೊದಲು ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ಆಮೇಲೆ ಒಂದು ಸಂಗತಿ ಮನಸ್ಸಿಗೆ ಬಂತು. ಕಟ್ಟಡದ ಕಥೆಯಲ್ಲಿ ಹೆಂಗಸಿಗೆ ಎರಡೇ ಜಾಗ. ದಾನ ಕೊಡುವಷ್ಟು ಇದ್ದರೆ ಕಲ್ಲಿನ ಮೇಲೆ ಹೆಸರು; ಇಲ್ಲವೇ ಕಂಬದ ಮೇಲೆ ಹೆಸರಿಲ್ಲದ ಚೆಲುವೆ. ಆ ಎರಡರ ನಡುವೆ, ಆ ಕಂಬವನ್ನು ಪ್ರತಿ ಹಬ್ಬಕ್ಕೆ ಒರೆಸಿ, ಎಣ್ಣೆ ಸವರಿ, ಗೆದ್ದಲು ಬಂತೋ ಎಂದು ಕೈಯಿಂದ ತಟ್ಟಿ ನೋಡಿದವಳು ಎಲ್ಲಿಯೂ ಇಲ್ಲ. ಮರದ ಕಂಬ ತಾನಾಗಿ ನೂರಾರು ವರ್ಷ ನಿಲ್ಲುವುದಿಲ್ಲ. ನಮ್ಮ ಕರಾವಳಿಯ ಮಳೆಗೆ ಹಂಚು ಒಂದು ಜರುಗಿದರೆ ಸಾಕು, ನಾಲ್ಕು ವರ್ಷದಲ್ಲಿ ಪಕಾಸಿ ಕುಂಬಾಗಿ, ಅಟ್ಟ ಇಳಿದು, ಗೋಡೆಗೆ ನೀರು ಹತ್ತುತ್ತದೆ. ಸೋರುವುದನ್ನು ಮೊದಲು ಕಂಡು ಪಾತ್ರೆ ಇಡುವವರು ಯಾರು? ‘ಈ ವರ್ಷ ಹಂಚು ತಿರುಗಿಸಲೇಬೇಕು’ ಎಂದು ವೈಶಾಖದಲ್ಲಿ ಹಟ ಹಿಡಿಯುವವರು ಯಾರು? ಕಟ್ಟಿಸಿದವನ ಹೆಸರು ಬರೆದಿಟ್ಟಿದ್ದಾರೆ, ಉಳಿಸಿದವಳ ಹೆಸರಿಲ್ಲ.

ಹೆಸರು ಬರೆದಿಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ಊರಿನ ಅಂಚಿನಲ್ಲಿರುವ ಕೊಡಂಗಲ್ಲಿಗೆ ಹೋಗಬೇಕು. ಅಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಮಾಡು ಇರುವ ಮುರಕಲ್ಲಿನ ಸಮಾಧಿಗಳ ಒಂದು ಗುಂಪಿದೆ. ನೋಡಿದರೆ ನೇಪಾಳದ ಗುಡಿಗಳು ನೆನಪಾಗುತ್ತವೆ. ಮಠದ ಗುರುಗಳದೆನ್ನುತ್ತಾರೆ, ಶ್ರೀಮಂತ ವರ್ತಕರದೂ ಇವೆಯೆನ್ನುತ್ತಾರೆ. ಎರಡನ್ನು ಬಿಟ್ಟರೆ ಮಿಕ್ಕವು ಯಾರದೆಂದು ಹೇಳುವ ಒಂದಕ್ಷರವೂ ಅಲ್ಲಿಲ್ಲ. ಕಟ್ಟುವಾಗ ‘ಇದನ್ನು ಯಾರು ಮರೆಯುತ್ತಾರೆ’ ಎಂದುಕೊಂಡಿರಬೇಕು. ಕಲ್ಲು ಉಳಿಯಿತು, ಸುದ್ದಿ ಹೋಯಿತು. ಕಟ್ಟಡ ಉಳಿದರೆ ಇತಿಹಾಸ ಉಳಿದಂತೆ ಎಂದು ನಂಬಿದವರು ಒಮ್ಮೆ ಅಲ್ಲಿ ನಿಂತು ಬರಬೇಕು.

ಉಳಿಸುವುದು ಬೇರೆ, ಹಂಚುವುದು ಬೇರೆ ಎನ್ನುವುದಕ್ಕೂ ಮೂಡುಬಿದಿರೆಯದೇ ಒಂದು ಕಥೆಯಿದೆ. ಅಲ್ಲಿನ ಗುರುಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ಓಲೆಗರಿಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದದ್ದು ಅಲ್ಲೇ. ಮಹಾಧವಲದ ಪ್ರತಿಯನ್ನು ಬರೆಸಿದವಳು ಮಲ್ಲಿಕಬ್ಬೆ ಎಂಬ ಹೆಂಗಸು. ಶ್ರೀಪಂಚಮಿ ವ್ರತದ ಉದ್ಯಾಪನೆಗೆಂದು ಬರೆಸಿ ಮುನಿಗಳಿಗೆ ದಾನ ಕೊಟ್ಟಳು. ಕಾಲ ಕಳೆದಂತೆ ಆ ಗರಿಗಳು ದರ್ಶನಕ್ಕೆ ಮಾತ್ರ ಎಂಬಂತಾಯಿತು. ಯಾತ್ರಿಕರು ಬರುತ್ತಿದ್ದರು, ದೂರದಿಂದ ಕೈಮುಗಿಯುತ್ತಿದ್ದರು. ಓದುವವರಿರಲಿಲ್ಲ. 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಆದರೆ ಪ್ರತಿಯೂ ಊರು ಬಿಟ್ಟು ಹೋಗಕೂಡದೆಂಬ ಕಟ್ಟುಪಾಡು. ಆಗ ಪ್ರತಿ ಮಾಡುತ್ತಿದ್ದ ಪಂಡಿತ ಗಜಪತಿ ಶಾಸ್ತ್ರಿಗಳು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಟ್ಟರು. ಜೊತೆಗೆ ಕುಳಿತು ಬರೆದವರು ಅವರ ಹೆಂಡತಿ ಲಕ್ಷ್ಮೀಬಾಯಿ. ಆ ಪ್ರತಿ ಉತ್ತರದ ಸಹಾರನಪುರಕ್ಕೆ ಹೋಯಿತು, ಅಲ್ಲಿಂದ ಇನ್ನೂ ಪ್ರತಿಗಳು ಹುಟ್ಟಿದವು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಚ್ಚಾಗಿ ಹೊರಬಂತು.

ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದ ಇದ್ದೇ ಇದೆ. ಕೊಟ್ಟ ಮಾತಿಗೆ ತಪ್ಪಿದಂತೆ ಎನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಹಾಗೆಯೇ, ಬೀಗ ಹಾಕಿ ಕಾದವರನ್ನು ಹಳಿಯಲೂ ಮನಸ್ಸು ಬಾರದು. ಅವರು ಕಾಯದಿದ್ದರೆ ಪ್ರತಿ ಮಾಡಲು ಗರಿಗಳೇ ಇರುತ್ತಿರಲಿಲ್ಲ. ಆದರೆ ಸಂಜೆ ಅಡಿಗೆ ಕೆಲಸ ಮುಗಿಸಿ ದೀಪದ ಬುಡದಲ್ಲಿ ಕುಳಿತು ಅಕ್ಷರ ಅಕ್ಷರವಾಗಿ ಬರೆಯುವ ಲಕ್ಷ್ಮೀಬಾಯಿಯನ್ನು ನಾನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳುತ್ತೇನೆ. ಗಂಡನ ಹೆಸರಿನ ಬಾಲದಲ್ಲಿ ಒಂದು ವಾಕ್ಯವಾಗಿ ಆಕೆ ಉಳಿದಿದ್ದಾಳೆ. ಅಷ್ಟಾದರೂ ಯಾರೋ ಬರೆದಿಟ್ಟರಲ್ಲ ಎಂದು ಸಮಾಧಾನ.

ಹಳೆಯ ಮನೆಗಳನ್ನು ಉಳಿಸುವ ಇನ್ನೊಂದು ರೀತಿಯನ್ನು ಮಣಿಪಾಲದಲ್ಲಿ ನೋಡಬಹುದು. ಬ್ಯಾಂಕ್ ಉದ್ಯೋಗದಲ್ಲಿದ್ದ ವಿಜಯನಾಥ ಶೆಣೈ ಅವರು ಕೆಡವುವ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಕೂಡಿಸಿ ಮೊದಲು ತಮ್ಮದೇ ಮನೆ ‘ಹಸ್ತಶಿಲ್ಪ’ ಕಟ್ಟಿಕೊಂಡರು. 1997ರಲ್ಲಿ ಟ್ರಸ್ಟ್ ಮಾಡಿ, ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ಒಂದು ಊರನ್ನೇ ಎಬ್ಬಿಸಿದರು. ಕುಂಜೂರಿನ ಚೌಕಿಮನೆಯಿದೆ, ಮುಧೋಳದ ಅರಮನೆಯ ದರ್ಬಾರು ಹಾಲಿದೆ. ಅವರು 2017ರಲ್ಲಿ ತೀರಿಕೊಂಡರು. ಒಬ್ಬ ಮನುಷ್ಯನ ಹಟ ಏನು ಮಾಡಬಲ್ಲದು ಎಂದು ನೋಡಿ ನಾನು ಮೂಕಳಾಗಿ ಬಂದಿದ್ದೇನೆ. ಆ ತೊಲೆಗಳೆಲ್ಲ ಸೌದೆಯಾಗಿಯೋ ಯಾವುದೋ ಹೋಟೆಲಿನ ಅಲಂಕಾರವಾಗಿಯೋ ಹೋಗುತ್ತಿದ್ದವು.

ಆದರೂ ಒಂದು ಮಾತು. ಮನೆ ಬಿಚ್ಚಿ ತರಬಹುದು, ಬಾವಿ ಬಿಚ್ಚಿ ತರಲಾಗುವುದಿಲ್ಲ. ಬೇಲಿಯ ಆಚೆಗಿನ ನೆರೆಮನೆಯನ್ನೂ, ಹಿತ್ತಿಲ ದಾರಿಯನ್ನೂ, ಆ ದಾರಿಯಲ್ಲಿ ಬರುತ್ತಿದ್ದವರನ್ನೂ ತರಲಾಗುವುದಿಲ್ಲ. ಇದು ಶೆಣೈಯವರ ತಪ್ಪಲ್ಲ. ಸಂಗ್ರಹಾಲಯ ಎನ್ನುವುದರ ಮಿತಿಯೇ ಅದು. ಮರವನ್ನು ಅವರು ಉಳಿಸಿಕೊಟ್ಟರು. ಸುದ್ದಿಯನ್ನು ಉಳಿಸುವ ಕೆಲಸ ಆಯಾ ಮನೆಯವರದು. ಅದನ್ನು ನಾವು ಮಾಡಲಿಲ್ಲ.

ಈ ದೊಡ್ಡ ಮನೆಗಳು ಏಕೆ ಬಿದ್ದವು ಎಂಬುದನ್ನೂ ನಮ್ಮ ಸಂಚಿಕೆಗಳು ನೇರವಾಗಿ ಹೇಳುವುದಿಲ್ಲ. ‘ಕಾಲನ ಹೊಡೆತಕ್ಕೆ ಸಿಕ್ಕಿ’ ಎಂದು ಬರೆದು ಮುಗಿಸುತ್ತಾರೆ. ಕಾಲನಿಗೆ ತಾರೀಕುಗಳಿವೆ. 1949ರ ಅಳಿಯಸಂತಾನ ಕಾಯಿದೆಯಿಂದ ಕೂಡುಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳುವ ಹಕ್ಕು ಬಂತು. 1974ರ ಭೂಸುಧಾರಣೆಯಿಂದ ಗೇಣಿ ನಿಂತಿತು, ಉಳುವವನಿಗೆ ಭೂಮಿ ಸಿಕ್ಕಿತು. ಗೇಣಿಯ ಅಕ್ಕಿಯಿಂದ ನಿಂತಿದ್ದ ಮಾಡು ಅಕ್ಕಿ ನಿಂತಾಗ ಇಳಿಯಿತು. ನಮ್ಮ ಮನೆ ಸೋರಿದ ವರ್ಷವೇ ಇನ್ನೊಬ್ಬರ ಮನೆಗೆ ಮೊದಲ ಸಲ ಹಂಚು ಬಂದಿರಬಹುದು. ಇವೆರಡನ್ನೂ ಒಂದೇ ಪುಟದಲ್ಲಿ ಬರೆಯುವ ಧೈರ್ಯ ನಮಗೆ ಬೇಕು.

ಈಗ ದೊಡ್ಡಮ್ಮನ ಬಾವಿಗೆ ಬರುತ್ತೇನೆ. ಸಂಚಿಕೆ ಓದಿ ಹೇಳಿದ ಎರಡು ವರ್ಷದ ನಂತರ, ಆಕೆ ಕಾಯಿಲೆ ಮಲಗಿ ಎದ್ದಿದ್ದಾಗ, ‘ಆ ದಿನ ಬಾವಿಯ ಸುದ್ದಿ ಎಂದಿರಲ್ಲ, ಏನದು?’ ಎಂದು ಕೇಳಿದೆ. ಆಕೆ ಹೇಳಿದ್ದು ಇಷ್ಟು. ಆ ಬೀದಿಯಲ್ಲಿ ಮೇ ತಿಂಗಳಿನಲ್ಲಿ ಬತ್ತದ ಬಾವಿ ಅದೊಂದೇ. ಸುತ್ತಲಿನ ಮನೆಗಳ ಹೆಂಗಸರು ಬೆಳಗಿನ ಜಾವ ಬಂದು ಸೇದುತ್ತಿದ್ದರು. ಊರಿನ ಸುದ್ದಿ, ಸೊಸೆಯರ ಕಣ್ಣೀರು, ಮದುವೆಯ ಮಾತು ಎಲ್ಲ ಆ ಕಟ್ಟೆಯಲ್ಲೇ. ಆದರೆ ಎಲ್ಲರೂ ಸೇದುವ ಹಾಗಿರಲಿಲ್ಲ. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಹಿತ್ತಿಲಿನ ಹಲಸಿನ ಮರದ ಬುಡದಲ್ಲಿ ಕೊಡ ಇಟ್ಟು ದೂರ ನಿಲ್ಲುತ್ತಿದ್ದರು. ಮನೆಯವರಲ್ಲಿ ಯಾರಿಗಾದರೂ ಬಿಡುವಾದಾಗ ಎತ್ತರದಿಂದ ಸುರಿಯಬೇಕು. ಒಮ್ಮೊಮ್ಮೆ ಬಿಡುವಾಗುವಾಗ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು.

“ನಾನು ಮದುವೆಯಾಗಿ ಬಂದ ಹೊಸತು. ಒಬ್ಬಳು ತುಂಬಿದ ಬಸುರಿ ನಿಂತಿದ್ದಳು. ಅತ್ತೆ ನೋಡಿಯೂ ನೋಡದ ಹಾಗೆ ಒಳಗೆ ಹೋದರು. ನಾನೂ ಹೋದೆ. ಅದು ನನಗೆ ಮರೆಯುವುದಿಲ್ಲ. ಕಂಬದ ಲೆಕ್ಕ ಯಾರಿಗೆ ಬೇಕು? ಇದನ್ನು ಬರಿ” ಎಂದರು.

ನನಗೆ ಬಾಯಿ ಕಟ್ಟಿತು. ನಾನು ಅಂದುಕೊಂಡಿದ್ದು ಬಾವಿಕಟ್ಟೆಯ ಹಾಡು, ಹರಟೆ, ಹೆಂಗಸರ ಒಗ್ಗಟ್ಟಿನ ಕಥೆ. ಆಕೆ ಕೊಟ್ಟದ್ದು ಅದಲ್ಲ. ಹೆಂಗಸರನ್ನು ಕೇಳಿದರೆ ಇತಿಹಾಸ ಸಿಹಿಯಾಗುತ್ತದೆ ಎಂದು ನಾವು ಭಾವಿಸಬಾರದು. ಕೇಳಿದರೆ ಅದು ಪೂರ್ತಿಯಾಗುತ್ತದೆ. ಚಾವಡಿಯಲ್ಲಿ ಕುಳಿತವರಿಗೆ ಕಾಣದ ಹಿತ್ತಿಲ ಬಾಗಿಲು ಆಕೆಗೆ ಕಾಣುತ್ತಿತ್ತು. ಅಲ್ಲಿ ಯಾರು ನಿಂತಿದ್ದರು, ಎಷ್ಟು ಹೊತ್ತು ನಿಂತಿದ್ದರು ಎಂಬುದೂ ಗೊತ್ತಿತ್ತು. ಹೊರಗೆ ನಿಂತಿದ್ದವರ ಮನೆಗಳಲ್ಲಿ ಆ ಬಾವಿಯ ಸುದ್ದಿ ಬೇರೆ ರೀತಿಯಲ್ಲಿ ಉಳಿದಿರಬೇಕು. ಅದನ್ನು ಅವರೇ ಹೇಳಬೇಕು, ಊರಿನ ಸಂಚಿಕೆಯಲ್ಲಿ ಅದಕ್ಕೂ ಪುಟವಿರಬೇಕು.

ಹೆಂಗಸರ ನೆನಪೆಲ್ಲ ಅಕ್ಷರಶಃ ನಿಜ ಎಂದೂ ನಾನು ವಾದಿಸುವುದಿಲ್ಲ. ಮನೆಗೆ ಇನ್ನೂರು ವರ್ಷ ಎಂದು ದೊಡ್ಡಮ್ಮ ಹೇಳುತ್ತಿದ್ದರು. ಅಟ್ಟ ಹತ್ತಿ ನೋಡಿದರೆ ಹಂಚಿನ ಬೆನ್ನ ಮೇಲೆ ಬಾಸೆಲ್ ಮಿಶನ್ ಎಂದು ಅಚ್ಚೊತ್ತಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಂದರೆ ಮಾಡಂತೂ ಅದಕ್ಕಿಂತ ಈಚಿನದು. ಗೋಡೆ ಹಳೆಯದಿರಬಹುದು, ಮೊದಲು ಮುಳಿಹುಲ್ಲಿನ ಮಾಡಿದ್ದಿರಬಹುದು. ನೆನಪನ್ನು ಹೀಗೆ ಹಂಚಿನ ಜೊತೆ, ಪಾಲುಪಟ್ಟಿಯ ಜೊತೆ, ತೀರ್ವೆ ರಸೀದಿಯ ಜೊತೆ ಇಟ್ಟು ನೋಡಬೇಕು. ಆದರೆ ಪಾಲುಪಟ್ಟಿಯಲ್ಲಿ ಬಸುರಿ ಹೆಂಗಸು ನಿಂತಿದ್ದ ಸುದ್ದಿ ಇರುವುದಿಲ್ಲ.

ಸರಕಾರ ಉಳಿಸಲಿ ಎನ್ನುವವರಿದ್ದಾರೆ. 1958ರ ಕೇಂದ್ರ ಕಾಯಿದೆ, 1961ರ ರಾಜ್ಯದ ಕಾಯಿದೆ ಎರಡೂ ಇವೆ. ಸ್ಮಾರಕವೆಂದು ಘೋಷಿಸಿದ ಕಟ್ಟಡವನ್ನು ಅವು ಕಾಯುತ್ತವೆ. ನಿಮ್ಮ ಅತ್ತೆಯ ಮನೆಯನ್ನು, ನನ್ನ ದೊಡ್ಡಮ್ಮನ ಮನೆಯನ್ನು ಯಾರು ಸ್ಮಾರಕವೆಂದು ಘೋಷಿಸುತ್ತಾರೆ? ಎಲ್ಲ ಹಳೆಯ ಮನೆಗಳನ್ನೂ ನಿಲ್ಲಿಸಿಕೊಳ್ಳಲು ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಕತ್ತಲೆ ಅಡಿಗೆಮನೆಯ ಹೊಗೆಯಲ್ಲಿ ಕಣ್ಣು ಕಳೆದುಕೊಂಡವರಿಗೆ ಆ ಮನೆ ಕೆಡವಿದ ದಿನ ಹಬ್ಬವಾಗಿದ್ದರೆ ನಾನು ಆಕ್ಷೇಪಿಸುವುದಿಲ್ಲ. ಕೆಡಹುವ ಮೊದಲು ಕೇಳಿ ಬರೆದಿಡಿ ಎಂದಷ್ಟೇ ನನ್ನ ಮಾತು.

ಅದಕ್ಕೆ ಪಾಂಡಿತ್ಯ ಬೇಡ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮನೆಯ ಹಿರಿಯ ಹೆಂಗಸನ್ನು ಹಿತ್ತಿಲ ಬಾಗಿಲಿನಿಂದ ಶುರುಮಾಡಿ ಒಂದೊಂದೇ ಕೋಣೆ ನಡೆಸಿಕೊಂಡು ಬನ್ನಿ. ಇಲ್ಲಿ ಏನಿತ್ತು, ಯಾರು ಮಲಗುತ್ತಿದ್ದರು, ಯಾರು ಹುಟ್ಟಿದರು, ಯಾರಿಗೆ ಇಲ್ಲಿಗೆ ಬರಲು ಅಪ್ಪಣೆ ಇರಲಿಲ್ಲ ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಆಕೆಯ ಮಾತನ್ನು ಆಕೆಯ ಮಾತಿನಲ್ಲೇ ಬರೆಯಿರಿ, ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ, ತಿದ್ದಬೇಡಿ. ಹಳೆಯ ಫೋಟೋಗಳ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ – ‘ಅಜ್ಜಿ’ ಎಂದಲ್ಲ, ಆಕೆಯ ಸ್ವಂತ ಹೆಸರು. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಕಂಬದ ಮುಂದೆ ನಿಂತು ಫೋಟೋ ತೆಗೆಯುವ ಜೊತೆಗೆ ಆಕೆಯ ದನಿಯನ್ನೂ ಹಿಡಿದಿಡಿ. ಆಮೇಲೆ ನೋಟ್‌ಬುಕ್ಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ಜೆರಾಕ್ಸ್ ಮಾಡಿಸಿ ಒಂದನ್ನು ಊರಿನ ಗ್ರಂಥಾಲಯಕ್ಕೆ, ಒಂದನ್ನು ಶಾಲೆಗೆ, ಒಂದನ್ನು ದೂರ ಹೋದ ಹೆಣ್ಣುಮಕ್ಕಳಿಗೆ ಕೊಡಿ. ಒಂದೇ ಪ್ರತಿ ಇರುವ ವಸ್ತು ಕಳೆದುಹೋಗಲು ಒಂದೇ ಮಳೆಗಾಲ ಸಾಕು.

ನನ್ನ ನೋಟ್‌ಬುಕ್ಕಿನಲ್ಲಿ ಬರೆದಿರುವುದು ಹನ್ನೊಂದು ಪುಟ ಮಾತ್ರ. ಬಾವಿಯ ಸುದ್ದಿ ಹೇಳಿದ ಮೇಲೆ ದೊಡ್ಡಮ್ಮ ಹೆಚ್ಚು ಕಾಲ ಗೆಲುವಾಗಿರಲಿಲ್ಲ. ಮುಂದಿನ ಸಲ ಹೋದಾಗ ನನ್ನನ್ನು ನನ್ನ ಅಮ್ಮನೆಂದು ತಿಳಿದು ಮಾತಾಡಿದರು. ಅದರ ಮುಂದಿನ ಸಲ ಮಾತೇ ಇರಲಿಲ್ಲ. ಆಕೆ ಹೋದ ಮೇಲೆ ಮನೆ ಮಾರಾಟವಾಯಿತು. ಮರದ ವ್ಯಾಪಾರಿ ಕಂಬಗಳನ್ನು ಒಳ್ಳೆಯ ಬೆಲೆಗೇ ಕೊಂಡುಹೋದ. ಸ್ಮರಣ ಸಂಚಿಕೆಯಲ್ಲಿ ಅವುಗಳ ಲೆಕ್ಕ ಇದ್ದದ್ದು ಅವನಿಗೆ ಅನುಕೂಲವೇ ಆಯಿತು ಎಂದು ನನ್ನ ಅಣ್ಣ ತಮಾಷೆ ಮಾಡಿದ.

ಕಳೆದ ವರ್ಷ ಆ ಬೀದಿಯಲ್ಲಿ ನಡೆದು ಬಂದೆ. ಹೊಸ ಕಟ್ಟಡ ಎದ್ದಿದೆ. ಹಿಂದೆ ಬಾವಿಯಿದ್ದಲ್ಲಿ ಕಾಂಕ್ರೀಟಿನ ಹಲಗೆ ಮುಚ್ಚಿ, ಅದರ ಮೇಲೆ ಸ್ಕೂಟರು ನಿಲ್ಲಿಸಿದ್ದರು. ಹಲಸಿನ ಮರ ಮಾತ್ರ ಇನ್ನೂ ಇತ್ತು. ಅದರ ನೆರಳಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರಿಬ್ಬರು ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಮನೆಯ ಒಳಗಿನಿಂದ ಒಬ್ಬ ಹುಡುಗಿ ಚೊಂಬಿನಲ್ಲಿ ನೀರು ತಂದು ಅವರ ಕೈಗೇ ಕೊಟ್ಟಳು. ಹನ್ನೆರಡನೆಯ ಪುಟದಲ್ಲಿ ನಾನು ಅದನ್ನು ಬರೆದುಕೊಂಡೆ.